ಚರಗ ಸಿಗದ ಗಿಡ

ಬೆಟಗೇರಿಯ ನಮ್ಮ ಮನೆಯಲ್ಲಿ ಎರಡು ಬಗೆಯ ನೀರಿತ್ತು. ಹಿತ್ತಲ ಬಾವಿಯದು ಸವಳು ನೀರು. ಮೈಗೆ, ಬಟ್ಟೆಗೆ, ಪಾತ್ರೆಗೆ ಅದು ಸಾಕು. ಕುಡಿಯುವುದಕ್ಕೆ, ಬೇಳೆ ಬೇಯಿಸುವುದಕ್ಕೆ ಸಿಹಿನೀರೇ ಆಗಬೇಕು. ಅದನ್ನು ಅವ್ವ ದೂರದ ಬಾವಿಯಿಂದ ಹೊತ್ತು ತರುತ್ತಿದ್ದಳು. ಸಿಹಿನೀರಿನ ಕೊಡದ ಬಾಯಿಗೆ ತಟ್ಟೆ ಮುಚ್ಚಿ ಮೇಲೊಂದು ತಂಬಿಗೆ ಬೋರಲು ಹಾಕಿರುತ್ತಿದ್ದರು. ಆ ತಂಬಿಗೆ ತುಸು ಕದಲಿದರೂ ಹೊರಗೆ ಕಟ್ಟೆಯ ಮೇಲೆ ಕೂತ ಆಯಿಗೆ ಕೇಳುತ್ತಿತ್ತು. ಆಯಿ ಎಂದರೆ ಅಪ್ಪನ ತಾಯಿ. ಹತ್ತಿರ ಹೋಗಿ ಕೂಗಿದರೆ ಅವಳ ಕಿವಿ ಮಂದ, ತಂಬಿಗೆ ಅಲುಗಿದರೆ ಚುರುಕು. ಮುಂದೆ ಕಟ್ಟೆ, ಒಳಗೆ ನಡುಮನೆ, ಅದರಾಚೆ ಅಡಿಗೆಮನೆ, ಬಚ್ಚಲು, ಹಿತ್ತಲು, ಮನೆ ಅಷ್ಟೇ. ನಡುಮನೆಯ ಅರ್ಧ ಮಗ್ಗಕ್ಕೆ ಹೋಗಿತ್ತು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅಪ್ಪ ನೇಯಲು ಕೂತರೆ ನಮಗೆ ಸೊಂಟದಿಂದ ಮೇಲಿನ ಅಪ್ಪ ಮಾತ್ರ ಕಾಣುತ್ತಿದ್ದ. ಅವನು ಮಾತಾಡುವುದೂ ಹಾಗೆಯೇ, ಅರ್ಧ; ಉಳಿದದ್ದನ್ನು ನಾವೇ ಊಹಿಸಿಕೊಳ್ಳಬೇಕು. ಆಯಿ ರಾಟಿ ತಿರುವಿ ನೂಲು ಸುತ್ತಿ ಕೊಡುತ್ತಿದ್ದಳು. ಅವ್ವ ಅಡಿಗೆ ಮಾಡಿ, ನೀರು ತಂದು, ಹಾಸಿನ ನೂಲಿಗೆ ಹಚ್ಚುವ ಗಂಜಿ ಕಾಯಿಸಿ, ಸಂಜೆಗೆ ಯಾರೂ ಹೇಳದೆ ಅಪ್ಪನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ಆ ಮನೆಯ ಒಂದು ವರ್ಷದ ಬಗ್ಗೆ, ವರ್ಷವೂ ಅಲ್ಲ, ಒಂದು ಶ್ರಾವಣದಿಂದ ಚಳಿಗಾಲದ ತನಕದ ದಿನಗಳ ಬಗ್ಗೆ ಹೇಳುವಾಗ ಜನ ನನ್ನ ಕಣ್ಣಲ್ಲಿ ನೀರು ಹುಡುಕುತ್ತಾರೆ. ಸಿಗುವುದಿಲ್ಲ. ಸಿಟ್ಟೂ ಇಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಆ ದಿನಗಳ ಮೇಲೆ ನನಗೆ ಅಂಥದೊಂದು ಜೋಮು ಇದೆ. ಮುಟ್ಟಿದರೆ ನನ್ನದೇ ಕಾಲು ಎಂದು ಗೊತ್ತಾಗುತ್ತದೆ, ಅದಕ್ಕಿಂತ ಹೆಚ್ಚಿಲ್ಲ.

ಅವ್ವನ ತವರು ಕಪ್ಪತಗುಡ್ಡದ ಬುಡದಲ್ಲಿ, ಮುಂಡರಗಿ ಕಡೆಯ ಒಂದು ಸಣ್ಣ ಹಳ್ಳಿ. ತವರು ಎಂದರೆ ತಾಯಿಯೂ ಇಲ್ಲ, ತಂದೆಯೂ ಇಲ್ಲ. ತಮ್ಮ ಈರಪ್ಪ ಒಬ್ಬನೇ. ನನಗೆ ಅವನು ಈರಪ್ಪ ಮಾಮಾ. ಅವ್ವನೇ ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ. ಮೈ ತುಂಬ ಹರಟೆ, ತಲೆಗೆ ಸದಾ ಓರೆಯಾಗಿ ಸುತ್ತಿದ ರುಮಾಲು. ಕಪ್ಪು ಮಣ್ಣಿನ ಒಂದು ತುಂಡು ಎರಿ ಹೊಲ ಇತ್ತು. ಹೊಲದ ಕೆಲಸ ಇಲ್ಲದಾಗ ಗುಡ್ಡ ಹತ್ತಿ ವೈದ್ಯರಿಗೆ ಬೇಕಾದ ಬೇರು, ತೊಪ್ಪಲು ತಂದುಕೊಡುತ್ತಿದ್ದ. ನಾಗರ ಪಂಚಮಿಗೆ ಅಣ್ಣತಮ್ಮಂದಿರು ಬಂದು ಹೆಣ್ಣುಮಕ್ಕಳನ್ನು ತವರಿಗೆ ಕರೆದೊಯ್ಯುವುದು ನಮ್ಮ ಕಡೆಯ ಪದ್ಧತಿ. ಯಾವ ಪಂಚಮಿಯನ್ನೂ ಅವನು ತಪ್ಪಿಸಿರಲಿಲ್ಲ. ಆ ಸಲ ಬಂದಾಗ ಅವ್ವ ಮೂರು ತಿಂಗಳ ಬಸುರಿ. ಮನೆಯಲ್ಲಿ ಹಿರಿಯರಿಗೆ ಗೊತ್ತಿತ್ತು, ನನಗೆ ಹೇಳಿರಲಿಲ್ಲ. ಗದಗಿನಲ್ಲಿ ಮೂರು ಬಣ್ಣದ ಬಾವುಟ ಏರಿ ವರ್ಷವಾಗುತ್ತ ಬಂದಿತ್ತು, ಆದರೆ ನಮ್ಮ ಸುತ್ತಿನ ನೆಲ ಇನ್ನೂ ಯಾರು ಯಾರದೋ ಆಗಿ ಹರಿದು ಹಂಚಿಹೋಗಿದ್ದ ನೆನಪು ಎಲ್ಲರಲ್ಲೂ ಹಸಿಯಾಗಿತ್ತು. ಗದಗ ಮುಂಬಯಿಯ ಸರ್ಕಾರದ್ದು, ಶಿರಹಟ್ಟಿ ಒಬ್ಬ ರಾಜನದಾಗಿತ್ತು, ಲಕ್ಷ್ಮೇಶ್ವರ ಇನ್ನೊಬ್ಬ ರಾಜನದು. ಮುಂಡರಗಿ ದಾಟಿ ಹೊಳೆಯಾಚೆ ಹೋದರೆ ನಿಜಾಮನ ಸೀಮೆ. ಆ ಸೀಮೆಯಲ್ಲಿ ಗಲಾಟೆ ಎಂದು ಜನ ಗಂಟುಮೂಟೆ ಹೊತ್ತು ಹೊಳೆ ದಾಟಿ ಬರುತ್ತಿದ್ದರು. ಮುಂಡರಗಿಯ ಗುಡಿಯ ಪೌಳಿಯಲ್ಲಿ ಅವರು ಒಲೆ ಹೂಡಿ ಕೂತಿದ್ದನ್ನು ನಾನೂ ನೋಡಿದೆ.

ತವರಿನಲ್ಲಿ ಅವ್ವ ತಾನೇ ಒಲೆ ಹಚ್ಚಿ, ತಾನೇ ಉಂಡೆ ಕಟ್ಟಿ, ತಾನೇ ನಾಗಪ್ಪನಿಗೆ ಹಾಲೆರೆದಳು. ಜೋಕಾಲಿ ಆಡಿ ನನಗೆ ಬೇಸರ ಬಂದಾಗ ಮಾಮಾ ಗುಡ್ಡದ ಬುಡಕ್ಕೆ ಕರೆದೊಯ್ದ. ಅಲ್ಲಿ ಮಳೆನೀರು ಜಿನುಗುವ ಕಡೆ ಹರಳುಗಲ್ಲಿನ ಗರಸು ನೆಲ ಇತ್ತು, ಉಳುಮೆಗೆ ಬಾರದ್ದು. ಅದರ ಮೇಲೆ ಕುಂಕುಮದ ಭರಣಿಯ ಮುಚ್ಚಳದಷ್ಟು ಅಗಲದ ಕೆಂಪು ಚಕ್ರಗಳು ನೆಲಕ್ಕೆ ಅಂಟಿಕೊಂಡಿದ್ದವು. ಬಗ್ಗಿ ನೋಡಿದರೆ ಅವು ಗಿಡಗಳು. ಪುಟ್ಟ ಚಮಚದಂಥ ಎಲೆ, ಎಲೆಯ ತುಂಬ ಕೆಂಪು ಕೂದಲು, ಒಂದೊಂದು ಕೂದಲ ತುದಿಗೂ ಒಂದು ಹನಿ. ಏರು ಬಿಸಿಲಿನಲ್ಲೂ ಆ ಹನಿ ಆರಿರಲಿಲ್ಲ. ಮಾಮಾ ಒಂದು ಇರುವೆಯನ್ನು ಹಿಡಿದು ಎಲೆಯ ಮೇಲೆ ಬಿಟ್ಟು "ತಗೋ" ಎಂದ, ಮನೆಗೆ ಬಂದ ನೆಂಟರಿಗೆ ಹೇಳುವ ಹಾಗೆ. ಇರುವೆಯ ಕಾಲು ಅಂಟಿಕೊಂಡಿತು. ಅದು ಎಳೆದಷ್ಟೂ ಇನ್ನಷ್ಟು ಹನಿಗಳು ಅಂಟಿದವು. ಆಮೇಲೆ ಸುತ್ತಲಿನ ಕೂದಲುಗಳು ಒಂದೊಂದಾಗಿ ಅದರ ಕಡೆಗೆ ಬಾಗತೊಡಗಿದವು. ನನಗೆ ಹೆದರಿಕೆ ಆಗಲಿಲ್ಲ. ಮೊಟ್ಟಮೊದಲ ಬಾರಿಗೆ ಜಗತ್ತಿನಲ್ಲಿ ಯಾರೋ ನನಗೆ ಖರೆ ಮಾತು ಹೇಳಿದಂತೆ ಅನಿಸಿತು. ಗಿಡಕ್ಕೆ ಹಸಿವು ಇರುತ್ತದೆ ಎಂದು ದೊಡ್ಡವರು ಹೇಳುತ್ತಿದ್ದರು. ಸೀಗಿ ಹುಣ್ಣಿಮೆಯ ದಿನ ಬೆಳೆ ಹೊತ್ತ ಭೂಮಿಯನ್ನು ಬಸುರಿ ಎಂದೇ ಕರೆದು, ಕಡಬು, ಹೋಳಿಗೆ, ಅನ್ನ ಎಲ್ಲ ಕಲಸಿ ಬಯಕೆಯ ಊಟವೆಂದು ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಆದರೆ ಚೆಲ್ಲಿದ ಚರಗವನ್ನು ಕಾಗೆ ತಿನ್ನುವುದನ್ನೇ ನಾನು ನೋಡಿದ್ದೆ, ಗಿಡ ತಿನ್ನುವುದನ್ನು ನೋಡಿರಲಿಲ್ಲ. ಇದು ಹೇಗೆ ಹೀಗೆ ಎಂದು ಕೇಳಿದ್ದಕ್ಕೆ ಮಾಮಾ ಕುಕ್ಕರಗಾಲಲ್ಲಿ ಕೂತು ಹೇಳಿದ ಕಥೆ ಇದು.

"ಒಂದು ಸೀಗಿ ಹುಣ್ಣಿವಿಗೆ ಎಲ್ಲಾ ಹೊಲಕ್ಕೂ ಚರಗ ಮುಟ್ಟಿತು, ಶಾಂತವ್ವ. ಈ ಗರಸು ನೆಲಕ್ಕ ಯಾರೂ ಬರ್ಲಿಲ್ಲ. ಇಲ್ಲೇನ್ ಬೆಳೀತೈತಿ ಅಂತ ಬರ್ತಾರ? ಈ ಗಿಡ ಹಸಕೊಂಡು ಭೂಮಿತಾಯಿನ್ನ ಕೇಳ್ತು, ಅವ್ವಾ, ನನಗ? ಆಕಿ ಅಂದ್ಲು, ನಾ ತುಂಬಿದ ಬಸರಿ, ನನಗ ಏಳಾಕ ಆಗವಲ್ದು. ನಿನ್ನ ಬಾಯಿಗೆ ಬಂದದ್ದು ನೀನ ತಗೋ. ಅವತ್ತಿನಿಂದ ಇದು ಯಾರ ದಾರೀನೂ ಕಾಯಂಗಿಲ್ಲ. ತಾನ ತಗೋತೈತಿ."

ಅವನ ಹತ್ತಿರ ಇಂಥವು ಬಹಳ ಇದ್ದವು. ಗುಡ್ಡದ ಮೇಲೆ ಒಂದು ಮರ ಇದೆಯಂತೆ. ಅದರ ನೆರಳಿಗೆ ಮಲಗಿದ ಕುರಿಗಾಹಿಯನ್ನು ಬೇರಿನಿಂದ ಹೀರಿಬಿಡುತ್ತದಂತೆ, ಬೆಳಿಗ್ಗೆ ಕಂಬಳಿ ಮಾತ್ರ ಸಿಗುತ್ತದಂತೆ. ನೀ ನೋಡಿಯೇನು ಎಂದರೆ, ನೋಡಿದವರು ಹೇಳಲಿಕ್ಕೆ ಎಲ್ಲಿ ಉಳಿಯುತ್ತಾರೆ ಎಂದು ನಕ್ಕ. ಈ ಅಂಟುಗಿಡದ ರಸದಲ್ಲಿ ತಾಮ್ರವನ್ನು ಕಾಸಿದರೆ ಬಂಗಾರವಾಗುತ್ತದೆ ಎಂದು ಹುಡುಕಿಕೊಂಡು ಬರುವ ಸಾಧುಗಳು ಇದ್ದರಂತೆ. ಅವರ ಕೌಪೀನಕ್ಕೆ ಮೂರು ತೇಪೆ ಇರುವುದನ್ನು ಮಾಮಾ ತಾನೇ ಕಂಡಿದ್ದನಂತೆ. ಕೆರೆಯ ನೀರಿನಲ್ಲಿ ಹಳದಿ ಹೂ ಎತ್ತಿ ತೇಲುವ ಒಂದು ಪಾಚಿಯಂಥ ಬಳ್ಳಿಯನ್ನೂ ತೋರಿಸಿದ. ಅದರ ಎಳೆಗಳಿಗೆ ಸಾಸಿವೆಯಷ್ಟು ಚೀಲಗಳು. ನೀರಿನ ಹುಳ ಹತ್ತಿರ ಬಂದರೆ ಚೀಲ ಬಾಯಿ ತೆರೆದು ಒಳಗೆಳೆದುಕೊಳ್ಳುತ್ತದೆ ಎಂದ. ಮುಂದೆ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗ ಕೀಟ ತಿನ್ನುವ ಗಿಡಗಳ ಪಾಠ ಬಂದ ದಿನ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಿದ್ದರು. ಮನುಷ್ಯರನ್ನು ತಿನ್ನುವ ಮರ ಐತೇನ್ರಿ ಟೀಚರ್ ಎಂದು ಪ್ರತಿ ವರ್ಷ ಒಬ್ಬ ಕೇಳುತ್ತಿದ್ದ. ಇಲ್ಲ ಎಂದು ಹೇಳಿ ಪಾಠ ಮುಗಿಸುತ್ತಿದ್ದೆ. ಪುಸ್ತಕದಲ್ಲಿ ಎರಡು ಪುಟ ಇದ್ದದ್ದು ನನಗೆ ಗುಡ್ಡದ ಬುಡದಲ್ಲಿ ಒಂದು ಮಧ್ಯಾಹ್ನದಲ್ಲೇ ಮುಗಿದಿತ್ತು.

ಹೊರಡುವ ದಿನ ಮಾಮಾ ಒಂದು ತೆಂಗಿನ ಕರಟದಲ್ಲಿ ಗರಸು ಮಣ್ಣಿನ ಸಮೇತ ಆ ಗಿಡವೊಂದನ್ನು ಇಟ್ಟು ಕೊಟ್ಟ. ಮಳೆನೀರೇ ಹಾಕು, ಬೆಟಗೇರಿಯ ಸವಳು ನೀರು ಹಾಕಿದರೆ ಸಾಯುತ್ತದೆ ಎಂದ. ಮುಂಡರಗಿಯ ಮೋಟಾರು ನಿಲ್ಲುವ ಕಡೆ ಬಂದಾಗ ಅವನು ಅವ್ವನನ್ನು ತುಸು ಬದಿಗೆ ಕರೆದು ಮಾತಾಡಿದ. ಹೊಳೆಯಾಚೆಯಿಂದ ಮುದುಕರನ್ನು, ಮಕ್ಕಳನ್ನು ಹರಿಗೋಲಿನಲ್ಲಿ ಈಚೆ ತರುವ ಹುಡುಗರ ಜೊತೆ ತಾನೂ ಹೋಗುತ್ತೇನೆಂದು ಹೇಳುತ್ತಿದ್ದ. ಅವ್ವ ಬೇಡವೆಂದಳು, ಅವನು ಆಗಲೇ ಹೋಗಿ ಬಂದಿದ್ದನಂತೆ. ನಮ್ಮ ಕಡೆ ಬಸುರಿಗೆ ಬಯಕೆಯ ಊಟ ಮೊದಲು ತವರಿನಿಂದ ಬರಬೇಕು. ತವರಿನ ಬುತ್ತಿಯ ತುತ್ತು ಬಾಯಿಗೆ ಬಿದ್ದ ಮೇಲೆಯೇ ಗಂಡನ ಮನೆಯವರ, ಓಣಿಯವರ ಸರದಿ. ಅದನ್ನೇ ನೆನೆದು ಅವ್ವ ಕಣ್ಣು ಒರೆಸಿಕೊಂಡಿರಬೇಕು, ಮಾಮಾ ಚೇಷ್ಟೆಗೆ ಇಳಿದ.

"ಸೀಗಿ ಹುಣ್ಣಿವಿಗೆ ಬುತ್ತಿ ಕಟಗೊಂಡು ಬಂದ ಬರ್ತೀನಿ ಅಕ್ಕಾ. ಬಾಜೂ ಮನಿ ಮುದುಕಿ ಕಡಿಂದ ಮಾಡಸ್ತೀನಿ, ಸುಟ್ಟ ಕಡಬು ಇದ್ರೂ ಸುಮ್ನ ಉಣ್ಣಬೇಕು ನೋಡು. ಮೊದಲ ತುತ್ತು ನಂದು. ಅಲ್ಲೀತನಕ ಯಾರ ಕೊಟ್ರೂ ಮುಟ್ಟಬ್ಯಾಡ."

ಅವ್ವ ಆಗಲಿ ಎಂದಳು. ಮೋಟಾರು ಹೊರಟಿತು.

ಬೆಟಗೇರಿಯಲ್ಲಿ ನನ್ನ ಕರಟ ಕಟ್ಟೆಯ ಮೂಲೆಯಲ್ಲಿ ಬಿಸಿಲಿಗೆ ಕೂತಿತು, ನಾನು ಅದರ ಮುಂದೆ ಕೂತೆ. ಓಣಿಯ ಮಕ್ಕಳು ನೋಡಬೇಕಾದರೆ ಒಂದು ಜೀವಂತ ನೊಣ ತರಬೇಕು ಎಂಬ ಕಾನೂನು ಮಾಡಿದೆ. ಸತ್ತ ನೊಣ ತಂದವರನ್ನು ವಾಪಸು ಕಳಿಸಿದೆ. ತುಳಸಿಯ ಮೇಲೆ ಇರುವೆ ಬಿಟ್ಟು ನೋಡಿದೆ, ಅದು ತಿನ್ನಲಿಲ್ಲ. ಹೀರೆಯ ಬಳ್ಳಿ ತಿನ್ನಲಿಲ್ಲ. ನನ್ನ ಕಿರುಬೆರಳನ್ನು ಎಲೆಗೆ ಹಚ್ಚಿ ಕೂತೆ. ಗಿಡ ನನ್ನನ್ನು ಬೇಡ ಅಂದಿತು. ಆಯಿಗೆ ಇದು ಸರಿಬರಲಿಲ್ಲ. ಜೀವ ತಿನ್ನುವ ಗಿಡವನ್ನು ಬಸುರಿ ಇರುವ ಮನೆಯಲ್ಲಿ ಇಡಬಾರದು, ಬಸುರಿ ಅದನ್ನು ನೋಡಿದರೆ ಹುಟ್ಟುವ ಕೂಸು ಸದಾ ಬಾಯಿ ತೆರೆದುಕೊಂಡೇ ಇರುತ್ತದೆ, ತೊಟ್ಟಿಲ ಹತ್ತಿರ ಇಟ್ಟರಂತೂ ಕೂಸಿನ ಉಸಿರನ್ನೇ ಹೀರುತ್ತದೆ ಎಂದು ಹೇಳಿದಳು. ಇದನ್ನು ಎಲ್ಲಿ ಕೇಳಿದಿ ಎಂದರೆ ಮೊದಲಿನಿಂದ ಇರುವ ಮಾತು ಎಂದಳು. ಆ ಗಿಡವನ್ನು ಅವಳು ಅದಕ್ಕೆ ಮೊದಲು ಕಂಡೇ ಇರಲಿಲ್ಲ. ಬೇಕಾದಾಗ ಬೇಕಾದ ಶಾಸ್ತ್ರವನ್ನು ಹುಟ್ಟಿಸುವುದು ಅವಳಿಗೆ ರಾಟಿಯಲ್ಲಿ ನೂಲಿನ ಕಂಡಿಕೆ ಸುತ್ತಿದಷ್ಟು ಸಲೀಸು. ಕಡೆಗೆ ಕರಟದ ಮುಂದೆ ಒಂದು ಹೆಂಚಿನ ಚೂರು ನಿಲ್ಲಿಸಿ, ಅವ್ವ ಹೊಸ್ತಿಲು ದಾಟುವಾಗ ಅದು ಕಣ್ಣಿಗೆ ಬೀಳದ ಹಾಗೆ ಮಾಡಿದರು. ಆಯಿಗೂ ಸಮಾಧಾನ, ನನಗೂ ಸಮಾಧಾನ.

ಭಾದ್ರಪದದಲ್ಲಿ ಹಿಂದೂಸ್ತಾನದ ಸೈನ್ಯ ನಿಜಾಮನ ಸೀಮೆಗೆ ಇಳಿಯಿತು, ಗಲಾಟೆ ಮುಗಿಯಿತು ಎಂದು ಗದಗಿನಲ್ಲಿ ಜನ ಬೆಲ್ಲ ಹಂಚಿದರು. ಪೌಳಿಯಲ್ಲಿ ಕೂತಿದ್ದವರು ಗಂಟು ಕಟ್ಟಿ ಹೊಳೆ ದಾಟಿ ಮರಳಿದರು. ಹೊಳೆಯಾಚೆ ಹೋಗಿದ್ದ ಹುಡುಗರೂ ತಮ್ಮ ತಮ್ಮ ಊರಿಗೆ ಬಂದರು. ಈರಪ್ಪ ಮಾಮಾನ ಸುದ್ದಿ ಬರಲಿಲ್ಲ. ಬರುತ್ತಾನೆ, ಬುತ್ತಿಯ ಸಮೇತವೇ ಬರಬೇಕೆಂದು ಕಾಯುತ್ತಿರಬೇಕು ಎಂದು ಅವ್ವ ಅಂದಳು. ಸೀಗಿ ಹುಣ್ಣಿಮೆ ಬಂತು. ಅವ್ವ ನಸುಕಿಗೇ ಎದ್ದು ಮಿಂದು, ಕಟ್ಟೆಯ ಮೇಲೆ ಕಂಬಕ್ಕೊರಗಿ ಕೂತಳು. ಮಧ್ಯಾಹ್ನವಾಯಿತು. ಆಯಿ ಆವತ್ತು ಅಡಿಗೆಮನೆಗೆ ಹೋಗಿ ತಾನೇ ಕಡಬು ಮಾಡಿದಳು, ಶೇಂಗಾದ ಹೋಳಿಗೆ ಮಾಡಿದಳು, ಬದನೆಯ ಎಣಗಾಯಿ, ಮೊಸರು ಬುತ್ತಿ, ಚಿತ್ರಾನ್ನ ಎಲ್ಲ ಮಾಡಿ ಎಲೆ ಹಾಕಿದಳು. ಓಣಿಯ ಇಬ್ಬರು ಹೆಂಗಸರನ್ನೂ ಕರೆದಿದ್ದಳು. ಅವ್ವ ಎಲೆಯ ಮುಂದೆ ಕೂತಳು, ಕೈ ಮಡಿಲಲ್ಲೇ ಇತ್ತು. ಎಣಗಾಯಿಯ ಮೇಲೆ ಎಣ್ಣೆ ತಣ್ಣಗಾಗಿ ಬಿಳಿಚಿಕೊಂಡಿತು. ಅವ್ವ ಆಯಿಗೆ ಎದುರಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

"ಹೊಟ್ಟ್ಯಾಗಿನ ಕೂಸಿಗೆ ತವರು ಗೊತ್ತೈತೇನ ನೀಲವ್ವ? ಅದಕ್ಕ ಹಸಿವಿ ಒಂದ ಗೊತ್ತು. ಉಣ್ಣು," ಎಂದಳು ಆಯಿ.

"ಮೊದಲ ತುತ್ತು ಅವಂದ ಅಂತ ಮಾತು ಕೊಟ್ಟೇನ್ರಿ ಅತ್ತಿ. ನಾಳೆ ಬುತ್ತಿ ಹಿಡಕೊಂಡು ಬಂದ್ರ ನಾ ಏನ್ ಹೇಳ್ಲಿ?"

"ಬಂದ್ರ ಇನ್ನೊಮ್ಮೆ ಉಣ್ಣಾಕ ಬರಂಗಿಲ್ಲೇನು?"

"ಬಂದ್ರ ಅಂತ ಯಾಕ ಅಂತೀರಿ?"

ಆಯಿ ಎಲೆ ಎತ್ತಿದಳು. ಅಡಿಗೆಯನ್ನು ಓಣಿಗೆ ಹಂಚಿದರು. ಅವತ್ತಿನಿಂದ ಅವ್ವ ರೊಟ್ಟಿ ಬಿಟ್ಟಳು. ಬರೀ ಬಯಕೆಯ ಊಟ ಅಲ್ಲ, ಎಲ್ಲ ಊಟ. ಉಂಡರೆ ಅವನು ಬರುವುದಿಲ್ಲ ಎಂದು ಒಪ್ಪಿಕೊಂಡಂತೆ ಎಂದು ಅವಳ ತಲೆಯಲ್ಲಿ ಕೂತಿತ್ತು. ಹೊತ್ತಿಗೆ ಒಂದು ಬಟ್ಟಲು ತಿಳಿ ಗಂಜಿ ಕುಡಿದರೆ ಹೆಚ್ಚು. ಆಯಿ ಬೈದಳು, ಆಣೆ ಹಾಕಿದಳು, ಸೂಲಗಿತ್ತಿಯನ್ನು ಕರೆಸಿದಳು. ಸೂಲಗಿತ್ತಿ ಅವ್ವನ ಹೊಟ್ಟೆ ಮುಟ್ಟಿ ನೋಡಿ, ಹೀಗೇ ಆದರೆ ಕೂಸೂ ಇಲ್ಲ, ತಾಯಿಯೂ ಇಲ್ಲ ಎಂದು ಬಾಗಿಲಲ್ಲಿ ನಿಂತು ಅಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು. ಅವ್ವನ ಬಳೆ ಮೊಣಕೈ ತನಕ ಸರಿಯುತ್ತಿದ್ದವು. ಅವಳು ಅಳುತ್ತಿರಲಿಲ್ಲ. ರೊಟ್ಟಿ ಬಡಿಯುತ್ತಿದ್ದಳು, ನಮಗೆ ಬಡಿಸುತ್ತಿದ್ದಳು, ನೀರು ತರುತ್ತಿದ್ದಳು. ಮಾತಾಡಿಸಿದರೆ ತುಸು ತಡವಾಗಿ ಹ್ಞೂಂ ಅನ್ನುತ್ತಿದ್ದಳು. ಮನೆಯಲ್ಲಿ ಯಾರೋ ಎಲ್ಲರ ಮೇಲೂ ಒಂದು ದಪ್ಪ ದುಪ್ಪಟಿ ಹೊದಿಸಿದ ಹಾಗಿತ್ತು. ನನಗೂ ಶಾಲೆ, ಆಟ, ಹಸಿವು ಎಲ್ಲ ದೂರದಿಂದ ಕೇಳುವ ಸದ್ದಿನಂತಾಗಿಹೋಯಿತು. ಬೇಸರ ಎಂದು ಕೂಡ ಅನಿಸುತ್ತಿರಲಿಲ್ಲ.

ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅವ್ವ ಕಟ್ಟೆಗೆ ಬಂದು, ಹೆಂಚಿನ ಚೂರನ್ನು ಬದಿಗೆ ಸರಿಸಿ, ಕರಟದ ಮುಂದೆ ಕೂಡತೊಡಗಿದಳು. ಆಯಿ ನೋಡಿ ಹಣೆ ಬಡಿದುಕೊಂಡಳು, ಆದರೆ ಏಳು ಎನ್ನಲಿಲ್ಲ. ಅವ್ವ ಯಾವುದನ್ನಾದರೂ ಕಣ್ಣಿಟ್ಟು ನೋಡುತ್ತಿದ್ದದ್ದು ಅದೊಂದನ್ನೇ. ನೊಣ ಹಿಡಿಯುವುದರಲ್ಲಿ ಅವಳ ಕೈ ನನ್ನದಕ್ಕಿಂತ ಚುರುಕಾಗಿತ್ತು. ಮಳೆ ನಿಂತಿತ್ತು, ನಾನು ಕೂಡಿಟ್ಟ ಮಳೆನೀರು ಮುಗಿದಿತ್ತು. ಒಂದು ದಿನ ಕೊಡದ ಮೇಲಿನ ತಂಬಿಗೆ ಎತ್ತಿದೆ, ಆಯಿ ಕಟ್ಟೆಯಿಂದಲೇ ಕೂಗಿದಳು. ಕುಡಿಯುವ ನೀರು ಹುಳ ತಿನ್ನುವ ಕಳೆಗೆ ಹೋಗಬೇಕಾ ಎಂದು ಸಂಜೆಯ ತನಕ ಜಗಳ. ಅವ್ವ ತನ್ನ ಲೋಟದ ನೀರನ್ನು ತಂದು ಕರಟಕ್ಕೆ ಹನಿಸಿದಳು. ಅದು ನನ್ನ ಪಾಲಿನದು ಎಂದಳು, ಅಷ್ಟೇ. ಅನ್ನದ ಜೊತೆ ನೀರೂ ಬಿಟ್ಟಳು ಎಂದು ಆಯಿ ಒಳಗೆ ಹೋಗಿ ಅತ್ತಳು. ಮರುದಿನದಿಂದ ಆಯಿಯೇ ಒಂದು ಪುಟ್ಟ ಮಣ್ಣಿನ ಚಿಟಿಗಿ ತುಂಬ ಸಿಹಿನೀರು ತಂದು ಗಿಡದ ಪಕ್ಕ ಕುಕ್ಕುತ್ತಿದ್ದಳು. ನಾನು ಮಾಮಾನ ಕಥೆಯನ್ನು ಅವ್ವನಿಗೆ ಮತ್ತೆ ಹೇಳಿದೆ. ನನ್ನ ಲೆಕ್ಕ ಸರಳವಾಗಿತ್ತು. ಗಿಡಕ್ಕೆ ಚರಗ ಬರಲಿಲ್ಲ, ಅದು ತಾನೇ ತೆಗೆದುಕೊಂಡು ಉಂಡಿತು, ಬದುಕಿತು. ಅವ್ವ ನೋಡಿದರೆ ಕಲಿಯಬೇಕು.

"ನೀನೂ ಹಂಗ ತಗೋ ಅವ್ವಾ. ಯಾರೂ ಹಾಕದಿದ್ರ ಅದು ತಾನ ತಗೋತೈತಿ."

ಅವ್ವ ನೊಣದ ಮೇಲೆ ಬಾಗುತ್ತಿದ್ದ ಕೂದಲುಗಳನ್ನು ನೋಡುತ್ತಿದ್ದಳು.

"ಅದಕ್ಕ ತಮ್ಮ ಇಲ್ಲ," ಎಂದಳು.

ಅಪ್ಪ ಮಗ್ಗ ಬಿಟ್ಟು ಮುಂಡರಗಿಗೆ ಹೋಗಿ ಬಂದ. ಮಾಮಾನನ್ನು ಒಬ್ಬ ಹರಿಗೋಲು ಹತ್ತುವಾಗ ಕಂಡಿದ್ದನಂತೆ, ಒಬ್ಬ ಇಳಿಯುವಾಗ ಕಂಡಿದ್ದನಂತೆ, ಹೊಳೆ ಆವತ್ತು ತುಂಬಿತ್ತಂತೆ. ಇನ್ನೊಬ್ಬ ಕೊಪ್ಪಳದ ಸಂತೆಯಲ್ಲಿ ಅಂಥದೇ ರುಮಾಲು ನೋಡಿದೆ ಅಂದನಂತೆ. ಅಪ್ಪ ಕೊಪ್ಪಳಕ್ಕೂ ಹೋದ, ಬರಿಗೈಲಿ ಬಂದ. ಚಳಿ ಹುಟ್ಟಿತು. ಗಿಡದ ಎಲೆಗಳು ಹೊರಗಿನಿಂದ ಒಂದೊಂದಾಗಿ ಕಪ್ಪಾದವು. ಒಂದು ಬೆಳಿಗ್ಗೆ ಕರಟದಲ್ಲಿ ಗರಸು ಮಣ್ಣು ಮಾತ್ರ ಇತ್ತು. ಆಯಿ, ಅಪ್ಪ, ನಾನು ಮೂವರೂ ಅವ್ವನ ಮುಖ ನೋಡಿದೆವು, ಈಗ ಏನಾಗುತ್ತದೋ ಎಂದು. ಏನೂ ಆಗಲಿಲ್ಲ. ಗಿಡ ಅಂದ ಮ್ಯಾಲ ಒಣಗತೈತಿ ಎಂದು ಹೇಳಿ, ಮಣ್ಣನ್ನು ಹಿತ್ತಲಿಗೆ ಕೊಡವಿ, ಕರಟವನ್ನು ಒಲೆಗೆ ಹಾಕಿ ನನ್ನ ಮೀಯುವ ನೀರು ಕಾಯಿಸಿದಳು. ನನಗೆ ಅಳು ಬರಬೇಕಿತ್ತು. ಬೆಚ್ಚಗಿನ ನೀರು ಹಿತವಾಗಿತ್ತು, ಮಿಂದೆ.

ಅದಾಗಿ ಕೆಲವು ದಿನಕ್ಕೆ ಅಪ್ಪ ಮತ್ತೊಮ್ಮೆ ಮಾಮಾನ ಹಳ್ಳಿಗೆ ಹೋಗಿ ಸಂಜೆ ಬಂದ. ಕೈಕಾಲು ತೊಳೆದು ಮಗ್ಗದ ಪಕ್ಕ ಕೂತ. ಮನೆಗೆ ಬೀಗ ಹಾಕಿದ್ದು ಹಾಗೆಯೇ ಇದೆ ಎಂದ. ಅವ್ವ ಗಂಜಿಯ ಪಾತ್ರೆ ಕೆಳಗಿಟ್ಟು, ಅವನ ಮುಖ ನೋಡದೆ ಕೇಳಿದಳು.

"ಹೊಲ ಬೀಳು ಬಿದ್ದಿರಬೇಕಲ್ರಿ?"

"ಇಲ್ಲ. ಬಿತ್ಯಾರ. ಬಾಜೂ ಹೊಲದವ್ರು. ಜ್ವಾಳ ಮೊಣಕಾಲ ಮಟ ಬಂದೈತಿ."

"ಊರಾಗ ಯಾರೂ ಬ್ಯಾಡ ಅನ್ಲಿಲ್ಲೇನ್ರಿ?"

ಅಪ್ಪ ಮಗ್ಗದ ಕುಣಿಗೆ ಇಳಿದು ಕೂತ. ಅವ್ವ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಮಗ್ಗದ ಲಾಳಿಯ ಸದ್ದು ಎಂದಿನಂತೆ ಶುರುವಾಗಿತ್ತು. ಆಯಿ ಕಟ್ಟೆಯ ಬಿಸಿಲಿಗೆ ರಾಟಿ ಇಟ್ಟುಕೊಂಡು ಕೂತಿದ್ದಳು. ನಾನು ನಡುಮನೆಯಲ್ಲಿ ಪಾಟಿ ಒರೆಸುತ್ತಿದ್ದೆ. ಅಡಿಗೆಮನೆಯಿಂದ ರೊಟ್ಟಿ ಮುರಿಯುವ ಸದ್ದು ಬಂತು. ಒಣಗಿದ ಕಟಕ ರೊಟ್ಟಿ ಮುರಿದರೆ ಬೇರೆ ಯಾವ ಸದ್ದಿನಂತೆಯೂ ಇರುವುದಿಲ್ಲ. ಹೋಗಿ ನೋಡಿದರೆ ಅವ್ವ ಗೋಡೆಗೊರಗಿ ಕೂತಿದ್ದಳು, ಮಡಿಲಲ್ಲಿ ರೊಟ್ಟಿಯ ಬುಟ್ಟಿ. ನಿನ್ನೆಯ ರೊಟ್ಟಿ, ಕೆಂಪು ಮೆಣಸಿನಕಾಯಿಯ ಹಿಂಡಿ, ಅರ್ಧ ಉಳ್ಳಾಗಡ್ಡಿ. ಅವಳು ಅವಸರ ಮಾಡಲಿಲ್ಲ. ಮುರಿದು, ಹಿಂಡಿಗೆ ಒತ್ತಿ, ಬಾಯಿಗಿಟ್ಟು, ಬಹಳ ಹೊತ್ತು ಅಗಿದು ನುಂಗಿದಳು. ಒಂದು ರೊಟ್ಟಿ ಮುಗಿಯಿತು, ಇನ್ನೊಂದು ತೆಗೆದಳು. ಅವಳ ಕೂದಲು ಬಿಚ್ಚಿತ್ತು, ಒದ್ದೆ ಇತ್ತು, ಬೆನ್ನಿನ ಕುಪ್ಪಸ ತೊಯ್ದು ನೆಲಕ್ಕೆ ನೀರು ಇಳಿದಿತ್ತು. ನಾನು ಅದನ್ನು ಕಂಡೆ, ಕಂಡದ್ದಷ್ಟೇ. ನನಗೆ ಬೇಕಾಗಿದ್ದುದು ರೊಟ್ಟಿ ಅವಳ ಬಾಯಿಗೆ ಹೋಗುವುದು, ಅದು ಹೋಗುತ್ತಿತ್ತು. ಎಷ್ಟೋ ದಿನಗಳ ಮೇಲೆ ನನ್ನೊಳಗೆ ಏನೋ ಅಲುಗಿತು. ಹೊರಗೆ ಓಡಿ ಅವ್ವ ರೊಟ್ಟಿ ಉಂಡಳು ಎಂದು ಆಯಿಗೆ ಹೇಳಿದೆ. ಆಯಿ ಬಿಸಿಲಿನ ಕಡೆಗೆ ಕೈ ಮುಗಿದು, ಸೊಂಟ ಹಿಡಿದುಕೊಂಡು ಎದ್ದು, ಮುಖ ಅರಳಿಸಿಕೊಂಡೇ ಒಳಗೆ ಬಂದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು.

"ಖಬರ ಯಾರ ತಂದ್ರು ನೀಲವ್ವ?"

"ಯಾರೂ ತಂದಿಲ್ರಿ ಅತ್ತಿ. ನಾನ ನೀರ ಹಾಕ್ಕೊಂಡೆ."

ಆಯಿ ಹೋಗಿ ಅವ್ವನ ಪಕ್ಕ ಕೂತು, ಆ ಒದ್ದೆ ತಲೆಯ ಮೇಲೆ ಅಂಗೈ ಇಟ್ಟಳು. ಆಮೇಲೆ ನಡುಮನೆಯ ಕಡೆ ತಿರುಗಿ, ಮಗ್ಗ ನಿಲ್ಲಿಸು ಎಂದು ಅಪ್ಪನಿಗೆ ಹೇಳಿದಳು. ಲಾಳಿ ಅರ್ಧಕ್ಕೆ ನಿಂತಿತು. ಎಣ್ಣೆಯಿಲ್ಲದೆ, ಅರಿಷಿಣವಿಲ್ಲದೆ, ತಲೆಯ ಮೇಲೆ ತಣ್ಣೀರು ಸುರಿದುಕೊಂಡು ಕೂದಲು ಬಿಚ್ಚಿ ಕೂಡುವುದು ನಮ್ಮಲ್ಲಿ ಒಂದೇ ಕಾರಣಕ್ಕೆ. ಸಾವಿನ ಸುದ್ದಿ ಬಂದಾಗ. ಅವ್ವನಿಗೆ ಸುದ್ದಿ ತರುವವರು ಯಾರೂ ಇರಲಿಲ್ಲ. ಒಡೆಯ ಬರುತ್ತಾನೆ ಎಂಬ ನಂಬಿಕೆ ಊರಿಗೆ ಚೂರು ಉಳಿದಿದ್ದರೂ ಅವನ ಹೊಲಕ್ಕೆ ಇನ್ನೊಬ್ಬರ ಕೂರಿಗೆ ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮೊಣಕಾಲ ಮಟ ಜೋಳ ಎದ್ದಿದೆ ಎಂದರೆ ಊರು ಯಾವಾಗಲೋ ಒಪ್ಪಿಕೊಂಡು ಬಿತ್ತಿಗೆಗೆ ನಡೆದಿತ್ತು. ಕಡೆಗೆ ಉಳಿದವಳು ಇವಳೊಬ್ಬಳು. ರಾತ್ರಿಯೆಲ್ಲ ಏನು ಯೋಚಿಸಿದಳೋ, ಬೆಳಿಗ್ಗೆ ಎದ್ದು ತಮ್ಮನ ಸಾವಿನ ನೀರನ್ನು ತಾನೇ ತಲೆಗೆ ಸುರಿದುಕೊಂಡು, ಇನ್ನು ಕಾಯುವುದು ಏನೂ ಇಲ್ಲವೆಂದು, ಹೊಟ್ಟೆಯ ಕೂಸಿಗಾಗಿ ಬುಟ್ಟಿ ಎಳೆದುಕೊಂಡಿದ್ದಳು. ಚಳಿ ಕಳೆಯುವಾಗ ನನ್ನ ತಮ್ಮ ಹುಟ್ಟಿದ, ಸಣ್ಣಗಿದ್ದ, ಉಳಿದ. ಮುಂದೆ ಕರ್ನಾಟಕ ಒಂದಾದ ದಿನ ಶಾಲೆಯಲ್ಲಿ ನಮಗೆ ಬೂಂದಿ ಕೊಟ್ಟರು. ಹೊಳೆಯ ಈಚೆ, ಆಚೆ ಎಲ್ಲ ಒಂದೇ ರಾಜ್ಯವಾಯಿತು, ಇನ್ನು ಗಡಿ ಇಲ್ಲ ಎಂದು ಬಂದು ಅವ್ವನಿಗೆ ಹೇಳಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತದೆ "ಈಗ ಆತೇನು" ಎಂದಳು.

ಆದರೆ ಆ ಬೆಳಿಗ್ಗೆ ನನಗೆ ಇದೊಂದೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಆಯಿ ಓಣಿಯ ಒಬ್ಬಾಕೆಯ ಕಿವಿಯಲ್ಲಿ ಏನೋ ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಹೆಂಗಸರು ಒಬ್ಬೊಬ್ಬರಾಗಿ ಬರತೊಡಗಿದರು. ಬಟ್ಟೆ ಮುಚ್ಚಿದ ಬುಟ್ಟಿಯಲ್ಲಿ ರೊಟ್ಟಿ, ಬೋಗುಣಿಯಲ್ಲಿ ಸಾರು, ಅನ್ನ, ಝುಣಕ. ಸಾವಾದ ಮನೆಗೆ ಓಣಿ ಉಣ್ಣಲು ತರುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. ಅವ್ವ ಉಂಡ ಸಂತೋಷಕ್ಕೇ ತಂದಿದ್ದಾರೆ ಎಂದುಕೊಂಡೆ. ಹೊಸ್ತಿಲಲ್ಲಿ ನಿಂತು, ಬಂದವರಿಗೆಲ್ಲ, ನಮ್ಮವ್ವ ಎರಡು ರೊಟ್ಟಿ ಉಂಡಳು ಎಂದು ಹೇಳಿದೆ. ಅವರು ನನ್ನ ಗಲ್ಲ ಮುಟ್ಟಿ, ಬುಟ್ಟಿ ಇಳಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದರು. ಛಲೋ ಆತು ಎಂದು ಒಬ್ಬರೂ ಅನ್ನಲಿಲ್ಲ.